ಗಿಡದ ಅಕ್ವೇರಿಯಂಗೆ ಸಿಲಿಂಡರ್ ಕಿಟ್: ತೀರ್ಥಹಳ್ಳಿಯ ಮನೆಯಲ್ಲಿ ಮೂರು ಮಳೆಗಾಲಗಳ ಬಳಕೆ

ತೀರ್ಥಹಳ್ಳಿಯ ನಮ್ಮ ಮನೆಯ ನಡುಕೋಣೆಯಲ್ಲಿ ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ ಮತ್ತು ಅಷ್ಟೇ ಎತ್ತರದ ಗಾಜಿನ ತೊಟ್ಟಿಯೊಂದಿದೆ. ಮಣ್ಣು, ಕಲ್ಲು, ಮರದ ಬೇರುಗಳ ಜಾಗ ಕಳೆದರೆ ಅದರಲ್ಲಿ ಸುಮಾರು 110 ಲೀಟರ್ ನೀರು ನಿಲ್ಲುತ್ತದೆ. ರೋಟಾಲಾ, ಕ್ರಿಪ್ಟೋಕೊರೈನ್ ಮತ್ತು ಮುಂಭಾಗದಲ್ಲಿ ನೆಲಕ್ಕೆ ಹಾಸಿದಂತೆ ಬೆಳೆಯುವ ಮಾಂಟೆ ಕಾರ್ಲೊ ಗಿಡಗಳಿವೆ. ನಿಯಾನ್ ಟೆಟ್ರಾ, ಚೆರ್ರಿ ಬಾರ್ಬ್ ಮತ್ತು ಚಿಕ್ಕ ಸೀಗಡಿಗಳು ಅದರಲ್ಲಿ ವಾಸಿಸುತ್ತವೆ. ಗಿಡಗಳಿಗೆ ಊಟವಾಗುವ ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ನೀರಿಗೆ ಬಿಡುವ ಕಿಟ್ ಒಂದನ್ನು ಮೂರು ವರ್ಷಗಳ ಹಿಂದೆ ಈ ತೊಟ್ಟಿಗೆಂದು ತರಿಸಿದೆ. 1.2 ಕಿಲೋ ಅನಿಲ ಹಿಡಿಯುವ ಅಲ್ಯೂಮಿನಿಯಂ ಸಿಲಿಂಡರ್, ಅದರ ಒತ್ತಡವನ್ನು ತಗ್ಗಿಸುವ ಒಂದೇ ಹಂತದ ರೆಗ್ಯುಲೇಟರ್, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್, ಗುಳ್ಳೆಗಳನ್ನು ಎಣಿಸಲು ಬಬಲ್ ಕೌಂಟರ್, ಅನಿಲವನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ಸೆರಾಮಿಕ್ ಡಿಫ್ಯೂಸರ್, ನೀರಿನಲ್ಲಿರುವ ಅನಿಲದ ಪ್ರಮಾಣವನ್ನು ಬಣ್ಣದಿಂದ ತೋರಿಸುವ ಡ್ರಾಪ್ ಚೆಕರ್ ಮತ್ತು ತಿರುಗುವ ಮುಳ್ಳಿನ ಟೈಮರ್ ಅದರಲ್ಲಿದ್ದವು.

ಅದಕ್ಕೂ ಮೊದಲು ಎರಡು ಪ್ಲಾಸ್ಟಿಕ್ ಬಾಟಲಿಗಳಲ್ಲಿ ಸಿಟ್ರಿಕ್ ಆಮ್ಲ ಮತ್ತು ಅಡುಗೆ ಸೋಡ ಬೆರೆಸಿ ಅನಿಲ ತಯಾರಿಸುತ್ತಿದ್ದೆ. ಅದು ಅಗ್ಗದ ವಿಧಾನವೇ ಹೌದು, ಆದರೆ ಗುಳ್ಳೆಗಳ ವೇಗ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಎಂಬಂತಿರುತ್ತಿತ್ತು. ಕಾರ್ಬನ್ ಡೈಆಕ್ಸೈಡ್ ದಿನದಿಂದ ದಿನಕ್ಕೆ ಏರಿಳಿದರೆ ಗಿಡಗಳು ಸೊರಗಿ ಎಲೆಗಳ ಮೇಲೆ ಪಾಚಿ ಹತ್ತುತ್ತದೆ. ಸಿಲಿಂಡರ್ ಬಂದ ಆರು ವಾರಗಳಲ್ಲಿ ರೋಟಾಲಾದ ತುದಿಗಳು ಕೆಂಪಾದವು, ಮಧ್ಯಾಹ್ನದ ಹೊತ್ತಿಗೆ ಎಲೆಗಳಿಂದ ಆಮ್ಲಜನಕದ ಸಣ್ಣ ಮಣಿಗಳು ಏಳತೊಡಗಿದವು. ಈ ವಿಷಯದಲ್ಲಿ ಕಿಟ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದೆ ಎಂದು ಹೇಳಬೇಕು.

ಆದರೆ ಪೆಟ್ಟಿಗೆಯೊಂದಿಗೆ ಬಂದ ಸೂಚನಾ ಪತ್ರ ನನ್ನನ್ನು ಎರಡು ಕಡೆ ದಾರಿ ತಪ್ಪಿಸಿತು. ಮೊದಲನೆಯದು ಡ್ರಾಪ್ ಚೆಕರ್‌ನ ವಿಷಯ. ಗಾಜಿನ ಈ ಪುಟ್ಟ ಗುಂಡುಪಾತ್ರೆಯೊಳಗೆ ತೊಟ್ಟಿಯ ನೀರನ್ನೇ ಹಾಕಿ, ಬಣ್ಣದ ದ್ರಾವಣ ಬೆರೆಸಿ ಎಂದು ಅದರಲ್ಲಿ ಬರೆದಿತ್ತು. ಬಣ್ಣ ಹಸಿರಾದರೆ ಲೀಟರಿಗೆ ಸುಮಾರು 30 ಮಿಲಿಗ್ರಾಂ ಕಾರ್ಬನ್ ಡೈಆಕ್ಸೈಡ್ ಇದೆ ಎಂಬ ಲೆಕ್ಕ ನಿಜವಾಗುವುದು ಒಳಗಿರುವ ನೀರಿನ ಕಾರ್ಬೊನೇಟ್ ಗಡಸುತನ (ಕರಗಿರುವ ಕಾರ್ಬೊನೇಟ್ ಲವಣಗಳ ಅಳತೆ) 4 ಡಿಗ್ರಿ ಇದ್ದಾಗ ಮಾತ್ರ. ನಮ್ಮ ಬಾವಿಯ ನೀರು ಬಹಳ ಮೃದು. ಪರೀಕ್ಷಿಸಿದಾಗಲೆಲ್ಲ ಅದರ ಗಡಸುತನ 2 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಅಂಥ ನೀರನ್ನು ಹಾಕಿದರೆ ಲೀಟರಿಗೆ 15 ಮಿಲಿಗ್ರಾಂ ಇರುವಾಗಲೇ ಬಣ್ಣ ಹಸಿರಾಗುತ್ತದೆ. ಮೊದಲ ನಾಲ್ಕು ತಿಂಗಳು ಹಸಿರು ಬಣ್ಣ ನೋಡಿ ಸಮಾಧಾನಪಟ್ಟುಕೊಂಡಿದ್ದ ನಾನು ಗಿಡಗಳಿಗೆ ಅರ್ಧ ಊಟವನ್ನಷ್ಟೇ ಬಡಿಸುತ್ತಿದ್ದೆ. ಈಗ 4 ಡಿಗ್ರಿಯ ಸಿದ್ಧ ದ್ರಾವಣವನ್ನು ಬೇರೆಯಾಗಿ ಕೊಂಡು ಹಾಕುತ್ತೇನೆ. ಮೃದು ನೀರಿನ ಮಲೆನಾಡಿನಲ್ಲಿ ಈ ತಪ್ಪು ಯಾರಿಗೂ ಆಗಬಹುದು. ತೊಟ್ಟಿಯ ನೀರಿನ ಆಮ್ಲೀಯತೆಯನ್ನು ಹೇಳುವ ಪಿಎಚ್ ಅಳೆದು ಲೆಕ್ಕ ಹಾಕುವ ಇನ್ನೊಂದು ವಿಧಾನವಿದ್ದರೂ, ನನ್ನ ತೊಟ್ಟಿಯಲ್ಲಿರುವ ಮರದ ಬೇರುಗಳಿಂದ ಬೇರೆ ಆಮ್ಲಗಳೂ ನೀರಿಗೆ ಇಳಿಯುವುದರಿಂದ ಆ ಲೆಕ್ಕ ಸುಳ್ಳಾಗುತ್ತದೆ. ಡ್ರಾಪ್ ಚೆಕರ್‌ನಲ್ಲಿ ತೊಟ್ಟಿಯ ನೀರಿಗೂ ಒಳಗಿನ ದ್ರಾವಣಕ್ಕೂ ನಡುವೆ ಗಾಳಿಯ ಅಂತರವಿದ್ದು, ಅದನ್ನು ದಾಟುವುದು ಅನಿಲ ಮಾತ್ರ. ಬಣ್ಣ ಬದಲಾಗಲು ಒಂದೆರಡು ಗಂಟೆ ಹಿಡಿಯುತ್ತದೆ ಎಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಕಾರ್ಬನ್ ಡೈಆಕ್ಸೈಡ್ ಹಾರಿಹೋಗದಂತೆ ನೀರಿನ ಮೇಲ್ಮೈಯನ್ನು ಆದಷ್ಟು ನಿಶ್ಚಲವಾಗಿಡಿ, ಏರ್ ಪಂಪ್ ಬಳಸಬೇಡಿ ಎಂದು ಸೂಚನಾ ಪತ್ರ ಹೇಳುತ್ತಿತ್ತು. ನಾನು ಫಿಲ್ಟರ್‌ನ ಹೊರಕೊಳವೆಯನ್ನು ನೀರಿನಾಳಕ್ಕೆ ತಿರುಗಿಸಿದೆ. ಕೆಲವೇ ದಿನಗಳಲ್ಲಿ ಮೇಲ್ಮೈಯಲ್ಲಿ ಎಣ್ಣೆಯಂಥ ತೆಳುಪೊರೆ ಕಟ್ಟಿತು. ಹಗಲು ಏನೂ ತೊಂದರೆ ಕಾಣಲಿಲ್ಲ, ಏಕೆಂದರೆ ಬೆಳಕಿದ್ದಷ್ಟು ಹೊತ್ತು ಗಿಡಗಳೇ ಆಮ್ಲಜನಕ ಕೊಡುತ್ತವೆ. ದೀಪ ಆರಿದ ಮೇಲಾದರೋ ಆ ಪೂರೈಕೆಯಿಲ್ಲದೆ ಗಿಡ, ಮೀನು, ಮಣ್ಣಿನ ಬ್ಯಾಕ್ಟೀರಿಯ ಎಲ್ಲವೂ ಅದೇ ಆಮ್ಲಜನಕವನ್ನು ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಹಾಗಾಗಿ ತೊಟ್ಟಿಯಲ್ಲಿ ಆಮ್ಲಜನಕ ಅತ್ಯಂತ ಕಡಿಮೆಯಿರುವುದು ಬೆಳಗಿನ ಜಾವದಲ್ಲಿ.

ಮೊದಲ ಮಳೆಗಾಲದ ಒಂದು ಬೆಳಿಗ್ಗೆ ಒಲೆ ಹಚ್ಚಲು ಎದ್ದ ಅಮ್ಮ, "ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಿದಾವೆ ಮಾರಾಯ, ಎದ್ದು ನೋಡು" ಎಂದು ಕರೆದರು. ಹಿಂದಿನ ದಿನ ಗಾಳಿಮಳೆಗೆ ಮರ ಬಿದ್ದು ಐದಾರು ಗಂಟೆ ವಿದ್ಯುತ್ ಇರಲಿಲ್ಲ. ದೀಪವನ್ನು ನಾನು ಕೈಯಿಂದಲೇ ಆರಿಸಿ ಮಲಗಿದ್ದೆ. ಆದರೆ ಕಿಟ್‌ನೊಂದಿಗೆ ಬಂದ ಟೈಮರ್ ವಿದ್ಯುತ್ ಹೋದಾಗ ತಾನೂ ನಿಂತುಬಿಡುವ ಜಾತಿಯದು, ಮತ್ತೆ ವಿದ್ಯುತ್ ಬಂದಾಗ ಅದು ಐದಾರು ಗಂಟೆ ಹಿಂದೆ ಬಿದ್ದಿತ್ತು. ಸಂಜೆ ಮುಚ್ಚಬೇಕಿದ್ದ ವಾಲ್ವ್ ನಡುರಾತ್ರಿಯವರೆಗೂ ತೆರೆದೇ ಇತ್ತು. ಗಿಡಗಳು ಅನಿಲವನ್ನು ಬಳಸಲು ಬೆಳಕಿಲ್ಲ, ಹೊರಗೆ ಹೋಗಲು ಮೇಲ್ಮೈಯಲ್ಲಿ ಅಲೆಯಿಲ್ಲ, ಅನಿಲ ಮಾತ್ರ ತುಂಬುತ್ತಲೇ ಹೋಗಿತ್ತು. ಡ್ರಾಪ್ ಚೆಕರ್ ಹಳದಿಯಾಗಿತ್ತು, ಅಂದರೆ ಅನಿಲ ಮಿತಿಮೀರಿತ್ತು. ಒಂಬತ್ತು ನಿಯಾನ್ ಟೆಟ್ರಾಗಳು ಸತ್ತವು. ಆ ಬೆಳಿಗ್ಗೆಯನ್ನು ನಾನು ಇಂದಿಗೂ ನೋವಿನಿಂದಲೇ ನೆನೆಯುತ್ತೇನೆ.

ಆಮೇಲೆ ಅರ್ಥಮಾಡಿಕೊಂಡ ಸಂಗತಿಯೊಂದನ್ನು ಇಲ್ಲಿ ವಿವರವಾಗಿ ಬರೆಯಬೇಕು. ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಆಮ್ಲಜನಕವನ್ನು ನೀರಿನಿಂದ ಹೊರದಬ್ಬುತ್ತದೆ ಎಂದು ನಾನೂ ನಂಬಿದ್ದೆ. ಅದು ಸರಿಯಲ್ಲ. ಈ ಎರಡು ಅನಿಲಗಳು ನೀರಿನಲ್ಲಿ ಒಂದರ ಜಾಗವನ್ನು ಇನ್ನೊಂದು ಕಸಿದುಕೊಳ್ಳುವುದಿಲ್ಲ, ಪ್ರತಿಯೊಂದೂ ತನ್ನದೇ ಲೆಕ್ಕದಲ್ಲಿ ಕರಗಿರುತ್ತದೆ. ಕಾರ್ಬನ್ ಡೈಆಕ್ಸೈಡ್ ಮಿತಿಮೀರಿದಾಗ ಮೀನಿನ ರಕ್ತ ಆಮ್ಲೀಯವಾಗಿ, ಅದರ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕುಗ್ಗುತ್ತದೆ. ಆದ್ದರಿಂದ ನೀರಿನಲ್ಲಿ ಆಮ್ಲಜನಕ ಸಾಕಷ್ಟಿದ್ದರೂ ಮೀನು ಉಸಿರುಗಟ್ಟಬಹುದು. ಆ ರಾತ್ರಿ ನನ್ನ ತೊಟ್ಟಿಯಲ್ಲಿ ಎರಡೂ ಒಟ್ಟಿಗೆ ಕೆಟ್ಟಿದ್ದವು. ಒಂದು ಮಿತಿಮೀರಿತ್ತು, ಇನ್ನೊಂದು ಪೊರೆಯ ಕೆಳಗೆ ಸೊರಗಿತ್ತು.

ಇದು ತಿಳಿದ ಮೇಲೆ ಸೂಚನಾ ಪತ್ರಕ್ಕೆ ವಿರುದ್ಧವಾಗಿ ನಡೆದೆ. ಫಿಲ್ಟರ್‌ನ ಹೊರಕೊಳವೆಯನ್ನು ಮೇಲಕ್ಕೆತ್ತಿ, ಮೇಲ್ಮೈ ಇಡೀ ದಿನ ಸಣ್ಣಗೆ ಅಲೆಯಾಡುವಂತೆ ಮಾಡಿದೆ. ನೀರು ಧುಮುಕಿ ನೊರೆಯೇಳುವಷ್ಟು ಬೇಕಿಲ್ಲ, ಸೊಪ್ಪಿನ ಬೆಟ್ಟದ ಹಳ್ಳದಲ್ಲಿ ಬೇಸಿಗೆಯ ಮೊದಲು ಕಾಣುವ ಮೆಲ್ಲನೆಯ ಹರಿವಿನಷ್ಟು ಸಾಕು. ಗಾಳಿಯೊಂದಿಗೆ ಸಮತೋಲನಕ್ಕೆ ಬಂದ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಲೀಟರಿಗೆ ಅರ್ಧ ಮಿಲಿಗ್ರಾಂನಷ್ಟು ಮಾತ್ರ ಇರುತ್ತದೆ. ನಾವು 30 ಮಿಲಿಗ್ರಾಂ ಇಡಲು ಹೊರಟಾಗ ಅದು ಹೊರಗೆ ಓಡುವುದು ಸಹಜ. ಆ ನಷ್ಟವನ್ನು ತುಂಬಲು ಗುಳ್ಳೆಗಳನ್ನು ಸೆಕೆಂಡಿಗೆ ಎರಡರಿಂದ ಮೂರಕ್ಕೆ ಏರಿಸಿದೆ. ಆಗ ಕಂಡ ಬದಲಾವಣೆ ನನಗೆ ಅನಿರೀಕ್ಷಿತವಾಗಿತ್ತು. ನಿಂತ ನೀರಿನಲ್ಲಿ ಅನಿಲ ಸಂಜೆಯವರೆಗೂ ಏರುತ್ತಲೇ ಇರುತ್ತಿತ್ತು. ಅಲೆಯಾಡುವ ನೀರಿನಲ್ಲಿ ಅದು ಏರಿದಷ್ಟೂ ಹೊರಹೋಗುವ ವೇಗವೂ ಹೆಚ್ಚುವುದರಿಂದ, ಎರಡು ಗಂಟೆಯೊಳಗೆ ಒಂದು ಮಟ್ಟಕ್ಕೆ ಬಂದು ದಿನವಿಡೀ ಅಲ್ಲೇ ನಿಲ್ಲುತ್ತದೆ. ರಾತ್ರಿ ಅದೇ ಅಲೆ ಆಮ್ಲಜನಕವನ್ನು ಒಳಗೆ ತರುತ್ತದೆ. ಪೊರೆಯೂ ಮಾಯವಾಯಿತು. ಸಿಲಿಂಡರ್ ಏಳು ತಿಂಗಳು ಬರುತ್ತಿದ್ದದ್ದು ಈಗ ಐದು ತಿಂಗಳೂ ಬರುವುದಿಲ್ಲ, ಆ ಖರ್ಚಿನ ಬಗ್ಗೆ ನನಗೆ ಯಾವ ಬೇಸರವೂ ಇಲ್ಲ.

ಟೈಮರನ್ನು ತೆಗೆದು, ಒಳಗೆ ಬ್ಯಾಟರಿಯಿರುವ ಡಿಜಿಟಲ್ ಟೈಮರ್ ಹಾಕಿದೆ. ದೀಪವೂ ಈಗ ಅಂಥದೇ ಟೈಮರಿನಲ್ಲಿದೆ. ದೀಪ ಹತ್ತುವ ಎರಡು ಗಂಟೆ ಮೊದಲು ಅನಿಲ ಶುರುವಾಗಿ, ದೀಪ ಆರುವ ಒಂದು ಗಂಟೆ ಮೊದಲೇ ನಿಲ್ಲುತ್ತದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಏರ್ ಪಂಪ್ ಓಡುತ್ತದೆ. ಮಲೆನಾಡಿನ ಮನೆಗಳಲ್ಲಿ ಯುಪಿಎಸ್ ಇರುವುದು ಸಾಮಾನ್ಯವಾದ್ದರಿಂದ ಒಂದು ವಿಷಯ ಗಮನಿಸಬೇಕು: ಏರ್ ಪಂಪ್ ಮತ್ತು ಫಿಲ್ಟರ್ ಯುಪಿಎಸ್ ಲೈನಿನಲ್ಲಿರಲಿ, ಸೊಲೆನಾಯ್ಡ್ ಮಾತ್ರ ನೇರ ಲೈನಿನಲ್ಲಿರಲಿ. ಆಗ ವಿದ್ಯುತ್ ಹೋದ ಕ್ಷಣ ಅನಿಲ ತಾನಾಗಿ ನಿಂತು, ನೀರಿನ ಅಲೆಯಾಟ ಮುಂದುವರಿಯುತ್ತದೆ.

ಋತುಮಾನದ ವ್ಯತ್ಯಾಸವೂ ಸಣ್ಣದಲ್ಲ. ಸಮುದ್ರಮಟ್ಟದಲ್ಲಿ 22 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 8.7 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 28 ಡಿಗ್ರಿಯಲ್ಲಿ ಅದು 7.8ಕ್ಕೆ ಇಳಿಯುತ್ತದೆ. ನಮ್ಮ ಎತ್ತರದಲ್ಲಿ ಇನ್ನೂ ಸ್ವಲ್ಪ ಕಡಿಮೆ. ಹೀಗಾಗಿ ಆಷಾಢದ ತಣ್ಣನೆಯ ನೀರಿನಲ್ಲಿ ಸಹಿಸಿಕೊಂಡ ಅನಿಲದ ಪ್ರಮಾಣವನ್ನು ಏಪ್ರಿಲ್‌ನಲ್ಲಿ ಮೀನುಗಳು ಸಹಿಸದೆ ಹೋಗಬಹುದು. ಮಾರ್ಚ್ ಬಂದ ಕೂಡಲೇ ನಾನು ಗುಳ್ಳೆಗಳನ್ನು ಸ್ವಲ್ಪ ತಗ್ಗಿಸಿ, ದೀಪದ ಹೊತ್ತನ್ನೂ ಒಂದು ಗಂಟೆ ಕಡಿಮೆ ಮಾಡುತ್ತೇನೆ.

ಬಿಡಿಭಾಗಗಳ ಬಗ್ಗೆ ಹೇಳುವುದಾದರೆ, ಸಿಲಿಂಡರ್ ಮತ್ತು ಸೊಲೆನಾಯ್ಡ್ ಇನ್ನೂ ಗಟ್ಟಿಯಾಗಿವೆ. ಮಳೆಗಾಲದ ತೇವಕ್ಕೆ ರೆಗ್ಯುಲೇಟರಿನ ತಿರುಪುಗಳಲ್ಲಿ ತುಕ್ಕು ಕಂಡಿತು. ಡಿಫ್ಯೂಸರಿನ ಬಿಲ್ಲೆ ತಿಂಗಳಿಗೊಮ್ಮೆ ಪಾಚಿ ಕಟ್ಟಿ ಗುಳ್ಳೆಗಳು ದಪ್ಪವಾಗುತ್ತವೆ, ತೆಳು ಬ್ಲೀಚಿನಲ್ಲಿ ನೆನೆಸಿ ಹಲವು ಸಲ ತೊಳೆದು, ಕ್ಲೋರಿನ್ ನಿವಾರಕ ಹಾಕಿದ ನೀರಿನಲ್ಲಿ ಒಂದು ರಾತ್ರಿ ಇಟ್ಟರೆ ಸರಿಹೋಗುತ್ತದೆ. ಒತ್ತಡದ ಮುಳ್ಳನ್ನು ನಂಬಿ ಕೂರಬಾರದು. ಒಳಗೆ ದ್ರವರೂಪದ ಅನಿಲ ಉಳಿದಿರುವವರೆಗೂ ಅದು 60 ಬಾರ್‌ನ ಆಸುಪಾಸಿನಲ್ಲೇ ನಿಂತಿದ್ದು, ದ್ರವ ಮುಗಿದ ಮೇಲೆ ಒಮ್ಮೆಲೇ ಕುಸಿಯುತ್ತದೆ. ಆಗ ಒಂದೇ ಹಂತದ ರೆಗ್ಯುಲೇಟರಿನಲ್ಲಿ ಗುಳ್ಳೆಗಳ ವೇಗ ಏಕಾಏಕಿ ಹೆಚ್ಚುವ ಅಪಾಯವಿದೆ. ಆದ್ದರಿಂದ ತಿಂಗಳಿಗೊಮ್ಮೆ ಸಿಲಿಂಡರನ್ನು ತಕ್ಕಡಿಗಿಟ್ಟು, ಖಾಲಿ ತೂಕದ ಹತ್ತಿರಕ್ಕೆ ಇಳಿಯುವ ಬಹಳ ಮೊದಲೇ, ಒಳಗೆ ದ್ರವ ಉಳಿದಿರುವಾಗಲೇ ತುಂಬಿಸಲು ಒಯ್ಯುತ್ತೇನೆ. ಇಲ್ಲಿ ತುಂಬುವವರಿಲ್ಲದ ಕಾರಣ ಸುಮಾರು 60 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಬೇಕು.

ಇಂದು ಇದೇ ಕಿಟ್ ಮತ್ತೆ ಕೊಳ್ಳುವುದಾದರೆ ಟೈಮರ್ ಇಲ್ಲದ ಪೆಟ್ಟಿಗೆಯನ್ನು ಕೇಳಿ, ಉಳಿದ ಹಣಕ್ಕೆ ಸ್ವಲ್ಪ ಸೇರಿಸಿ ಎರಡು ಹಂತದ ರೆಗ್ಯುಲೇಟರ್ ಹಾಕಿಸಿಕೊಳ್ಳುತ್ತೇನೆ. ಅನುಬಿಯಾಸ್, ಜಾವಾ ಫರ್ನ್‌ನಂಥ ನಿಧಾನ ಬೆಳವಣಿಗೆಯ ಗಿಡಗಳನ್ನಷ್ಟೇ ಇಟ್ಟಿರುವವರಿಗೆ ಇದರ ಅಗತ್ಯವೇ ಇಲ್ಲ, ಅವರು ಒಂದು ಒಳ್ಳೆಯ ಏರ್ ಪಂಪಿಗೆ ಹಣ ಹಾಕಲಿ. ನನ್ನ ತೊಟ್ಟಿಯಲ್ಲಿ ಆ ಬೆಳಿಗ್ಗೆಯ ನಂತರ ಅನಿಲದ ಕಾರಣಕ್ಕೆ ಒಂದು ಮೀನೂ ಸತ್ತಿಲ್ಲ. ಉಳಿದುಕೊಂಡ ಆರು ಟೆಟ್ರಾಗಳಲ್ಲಿ ನಾಲ್ಕು ಈಗಲೂ ರೋಟಾಲಾದ ನೆರಳಿನಲ್ಲಿ ಓಡಾಡುತ್ತಿವೆ.