ಮನ್ರೋ, ಮಿಸ್ತ್ರಿ, ಬಾದಾಮಿ, ಆನ್: ಮನೆಗೆಲಸದ ನಡುವೆ ಯಾರನ್ನು ಓದಬಹುದು?

ಟೊರಾಂಟೊಗೆ ಹೊಸದಾಗಿ ಬಂದ ಗೆಳತಿಯರು ಆಗಾಗ ಕೇಳುವ ಪ್ರಶ್ನೆ ಇದು: "ಇಲ್ಲಿಯವರ ಕಥೆ, ಕಾದಂಬರಿ ಓದಬೇಕು ಅಂತ ಆಸೆ. ಮನೆ, ಮಕ್ಕಳು, ಕೆಲಸ, ಇಷ್ಟರ ನಡುವೆ ಎಲ್ಲಿಂದ ಶುರು ಮಾಡಲಿ?" ಎಲ್ಲರೂ ಕೊಡುವ ಉತ್ತರ ಒಂದೇ. ಪುರುಸೊತ್ತು ಇಲ್ಲದವರಿಗೆ ಸಣ್ಣ ಕಥೆಯೇ ಸರಿ, ಆಲಿಸ್ ಮನ್ರೋ ಓದು ಅನ್ನುತ್ತಾರೆ. ನನ್ನ ಉತ್ತರ ಬೇರೆ. ಪುರುಸೊತ್ತು ಇಲ್ಲದವರು ಮೊದಲು ಐನೂರು ಪುಟದ ಹತ್ತಿರ ಇರುವ ದಪ್ಪ ಕಾದಂಬರಿ ಹಿಡಿಯಬೇಕು. ಮನ್ರೋ ಅವರನ್ನು ಪುರುಸೊತ್ತು ಇದ್ದಾಗಲೇ ಓದಬೇಕು.

ಯಾಕೆ ಅಂತ ಹೇಳುವ ಮುಂಚೆ ನಮ್ಮ ಮನೆಯ ಬಗ್ಗೆ ಒಂದೆರಡು ಮಾತು. ನಾವಿರುವುದು ಟೊರಾಂಟೊದ ಸ್ಕಾರ್ಬರೋದಲ್ಲಿ. ನಾನು, ಯಜಮಾನರು, ನಾಲ್ಕನೇ ಕ್ಲಾಸಿನ ಮಗಳು, ಸೂಪರ್ ವೀಸಾದಲ್ಲಿ (ಇಲ್ಲಿರುವವರ ತಂದೆ ತಾಯಿ ಬಂದು ವರ್ಷಗಟ್ಟಲೆ ಇರಲು ಕೊಡುವ ವೀಸಾ) ಹಾಸನದಿಂದ ಬಂದಿರುವ ಅತ್ತೆ. ನನಗೆ ಓದಲು ಸಿಗುವುದು ಕೆನಡಿ ಸ್ಟೇಷನ್‌ವರೆಗಿನ ಬಸ್ಸಿನಲ್ಲಿ, ಕುಕ್ಕರ್ ಕೂಗುವವರೆಗೆ ಅಡುಗೆಮನೆಯಲ್ಲಿ, ಮಗಳು ಮಲಗಿದ ಮೇಲೆ ಕಣ್ಣು ಮುಚ್ಚಿಹೋಗುವವರೆಗೆ. ಹಾಗಾಗಿ ಯಾವ ಪುಸ್ತಕ ದೊಡ್ಡದು, ಯಾವುದಕ್ಕೆ ಪ್ರಶಸ್ತಿ ಬಂತು ಅನ್ನುವುದನ್ನು ಇಲ್ಲಿ ತೂಗುತ್ತಿಲ್ಲ. ನಾನು ನೋಡುವುದು ಎರಡೇ. ಅರ್ಧಕ್ಕೆ ಬಿಟ್ಟು ಎದ್ದು ಹೋದರೆ ಮತ್ತೆ ಹಿಡಿಯಲು ಆಗುತ್ತದಾ? ಮನೆಯವರ ಜೊತೆ ಅದರ ಬಗ್ಗೆ ಮಾತಾಡಲು ಆಗುತ್ತದಾ?

ಮನ್ರೋ ಅವರಿಂದಲೇ ಶುರು ಮಾಡುತ್ತೇನೆ. ಅವರು ಹುಟ್ಟಿದ್ದು 1931ರಲ್ಲಿ, ಒಂಟಾರಿಯೊದ ವಿಂಗ್‌ಹ್ಯಾಮ್ ಅನ್ನುವ ಪುಟ್ಟ ಊರಿನಲ್ಲಿ. ಇಲ್ಲಿಂದ ಪಶ್ಚಿಮಕ್ಕೆ, ಹ್ಯೂರನ್ ಸರೋವರದ ಕಡೆ ಹೋಗಬೇಕು. 2013ರಲ್ಲಿ ನೊಬೆಲ್ ಬಂತು. ಮಕ್ಕಳು ಸಣ್ಣವರಿದ್ದಾಗ ಕಾದಂಬರಿ ಬರೆಯುವಷ್ಟು ಹೊತ್ತು ಸಿಗುತ್ತಿರಲಿಲ್ಲ, ಅವು ಮಲಗಿದಾಗ ಕಥೆ ಬರೆಯುತ್ತಿದ್ದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಆದರೆ ಮಕ್ಕಳು ಮಲಗಿದಾಗ ಬರೆದ ಆ ಕಥೆಗಳನ್ನು ಮಕ್ಕಳು ಮಲಗಿದ ಅರ್ಧ ಗಂಟೆಯಲ್ಲಿ ಓದಿ ಮುಗಿಸಲು ಆಗುವುದಿಲ್ಲ.

1968ರಲ್ಲಿ ಬಂದ ಅವರ ಮೊದಲ ಸಂಕಲನದಲ್ಲಿ 'ಬಾಯ್ಸ್ ಅಂಡ್ ಗರ್ಲ್ಸ್' ಅನ್ನುವ ಕಥೆ ಇದೆ. ಅಪ್ಪ ತುಪ್ಪಳಕ್ಕಾಗಿ ನರಿ ಸಾಕುತ್ತಾನೆ. ಮಗಳು ನರಿಗಳಿಗೆ ನೀರು ಹಾಕುತ್ತಾಳೆ. ಒಳಗಿನ ಕೆಲಸಕ್ಕಿಂತ ಅಪ್ಪನ ಜೊತೆ ಹೊರಗಿನ ಕೆಲಸವೇ ಅವಳಿಗೆ ಇಷ್ಟ. ನರಿಗಳ ಆಹಾರಕ್ಕೆ ವಯಸ್ಸಾದ ಕುದುರೆಗಳನ್ನು ತಂದು ಕೊಲ್ಲುತ್ತಾರೆ. ಫ್ಲೋರಾ ಅನ್ನುವ ಕುದುರೆ ತಪ್ಪಿಸಿಕೊಂಡು ಓಡಿ ಬರುವಾಗ ಅಪ್ಪ ಗೇಟು ಮುಚ್ಚು ಅಂತ ಕೂಗುತ್ತಾನೆ. ಅವಳು ಗೇಟನ್ನು ಇನ್ನೂ ಅಗಲ ತೆರೆದುಬಿಡುತ್ತಾಳೆ. ಊಟದ ಹೊತ್ತಿಗೆ ತಮ್ಮ ಚಾಡಿ ಹೇಳುತ್ತಾನೆ. ಅಪ್ಪ ಬೈಯುವುದಿಲ್ಲ. ಹೋಗಲಿ ಬಿಡು, ಎಷ್ಟಾದರೂ ಹುಡುಗಿ ತಾನೇ ಅಂದುಬಿಡುತ್ತಾನೆ. ಆ ಒಂದು ಮಾತು ಏಟಿನಂತೆ ತಾಗಬೇಕಾದರೆ ಮೊದಲ ಪುಟದ ನರಿ, ನೀರಿನ ತಗಡಿನ ಡಬ್ಬ, ಅಡುಗೆಮನೆಯ ಸೆಕೆ ಎಲ್ಲವೂ ನಿಮ್ಮ ತಲೆಯಲ್ಲಿ ಹಸಿಯಾಗಿ ಇರಬೇಕು. ನಡುವೆ ಎದ್ದು ಚಪಾತಿ ಲಟ್ಟಿಸಿ ಬಂದು ಕೂತರೆ ಕಥೆ ಅರ್ಥವೇನೋ ಆಗುತ್ತದೆ, ಆದರೆ ತಾಗುವುದಿಲ್ಲ.

ಅವರ ನಂತರದ ಕಥೆಗಳಲ್ಲಂತೂ ಇದು ಇನ್ನೂ ಜಾಸ್ತಿ. ಒಂದು ಪ್ಯಾರಾದಲ್ಲಿ ಹೆಂಗಸಿಗೆ ಎಪ್ಪತ್ತು ವರ್ಷ, ಮುಂದಿನ ಪ್ಯಾರಾದಲ್ಲಿ ಅವಳ ಮದುವೆಯೇ ಆಗಿಲ್ಲ. 'ದ ಬೇರ್ ಕೇಮ್ ಓವರ್ ದ ಮೌಂಟನ್' ಕಥೆಯಲ್ಲಿ ಫಿಯೋನಾಗೆ ಮರೆವಿನ ಕಾಯಿಲೆ. ಗಂಡ ಅವಳನ್ನು ವೃದ್ಧರ ಆರೈಕೆ ಕೇಂದ್ರಕ್ಕೆ ಸೇರಿಸುತ್ತಾನೆ. ಮೊದಲ ಮೂವತ್ತು ದಿನ ಯಾರೂ ನೋಡಲು ಬರಬಾರದು ಅನ್ನುವುದು ಅಲ್ಲಿಯ ನಿಯಮ. ಅದು ಮುಗಿದು ಅವನು ಹೂವು ಹಿಡಿದು ಹೋದಾಗ ಅವಳು ಇನ್ನೊಬ್ಬ ಗಂಡಸಿನ ಪಕ್ಕ ಕೂತಿರುತ್ತಾಳೆ. ಇದನ್ನು ಬಸ್ಸಿನಲ್ಲಿ ಓದಲು ಹೋಗಬೇಡಿ. ಮಗಳನ್ನು ಈಜು ಕ್ಲಾಸಿಗೆ ಬಿಟ್ಟು, ಫೋನ್ ಬ್ಯಾಗಿನಲ್ಲಿಟ್ಟು, ಒಂದೇ ಉಸಿರಿಗೆ ಓದಿ.

ಮನ್ರೋ ಬಗ್ಗೆ ಇನ್ನೊಂದು ವಿಷಯ ಮುಚ್ಚಿಟ್ಟು ಶಿಫಾರಸು ಮಾಡಲಾರೆ. ಅವರು 2024ರ ಮೇನಲ್ಲಿ ತೀರಿಕೊಂಡರು. ಜುಲೈನಲ್ಲಿ ಅವರ ಕಿರಿಯ ಮಗಳು, ಚಿಕ್ಕವಳಿದ್ದಾಗ ಮಲತಂದೆ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದನ್ನು, ವಿಷಯ ತಿಳಿದ ಮೇಲೂ ತಾಯಿ ಅವನ ಜೊತೆಗೇ ಉಳಿದದ್ದನ್ನು ಬಹಿರಂಗವಾಗಿ ಬರೆದರು. ಅದನ್ನು ಓದಿದ ಮೇಲೆ ಆ ಕಥೆಗಳಲ್ಲಿನ ತಾಯಂದಿರನ್ನು ನಾನು ಮೊದಲಿನ ಹಾಗೆ ಓದಲು ಆಗಿಲ್ಲ. ಕಥೆಗಳು ಈಗಲೂ ನನಗೆ ಬೇಕು. ಆದರೆ ಹೆಣ್ಣುಮಗು ಬೆಳೆಯುತ್ತಿರುವ ಮನೆಯಲ್ಲಿ ಇದನ್ನು ತಿಳಿದೇ ಓದಬೇಕು ಅನ್ನುವುದು ನನ್ನ ಅಭಿಪ್ರಾಯ.

ಈಗ ರೋಹಿಂಟನ್ ಮಿಸ್ತ್ರಿ. ಹುಟ್ಟಿದ್ದು ಮುಂಬೈಯಲ್ಲಿ, 1975ರಲ್ಲಿ ಟೊರಾಂಟೊಗೆ ಬಂದರು. ಇಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತ ಬರೆಯಲು ಶುರು ಮಾಡಿದರು. ಬರೆದ ಮೂರು ಕಾದಂಬರಿಗಳೂ ಬೂಕರ್ ಅಂತಿಮ ಪಟ್ಟಿಗೆ ಹೋದವು. ಎಲ್ಲರೂ ಹೇಳುವುದು ತುರ್ತು ಪರಿಸ್ಥಿತಿಯ ಬಗ್ಗೆ ಇರುವ 'ಎ ಫೈನ್ ಬ್ಯಾಲೆನ್ಸ್' ಬಗ್ಗೆ. ಅದು ದೊಡ್ಡ ಕೃತಿ, ಅನುಮಾನವಿಲ್ಲ. ಆದರೆ ಅದರ ನೋವು ಮನೆ ನಡೆಸುವವರ ಕೈಕಾಲು ಕಟ್ಟಿಹಾಕುತ್ತದೆ. ನಾನು ಮೊದಲು ಕೊಡುವುದು 2002ರ 'ಫ್ಯಾಮಿಲಿ ಮ್ಯಾಟರ್ಸ್'.

ನರಿಮನ್ ವಕೀಲ್‌ಗೆ 79 ವರ್ಷ, ಪಾರ್ಕಿನ್ಸನ್ ಕಾಯಿಲೆ. ನಿವೃತ್ತ ಇಂಗ್ಲಿಷ್ ಪ್ರೊಫೆಸರ್. ಬಿದ್ದು ಪಾದದ ಗಂಟು ಮುರಿದುಕೊಳ್ಳುತ್ತಾರೆ. ಜೊತೆಗಿದ್ದ ಮಲಮಕ್ಕಳು, ಕೂಮಿ ಮತ್ತು ಜಾಲ್, ಅವರನ್ನು ಸ್ವಂತ ಮಗಳು ರಾಕ್ಸಾನಾಳ ಪುಟ್ಟ ಫ್ಲ್ಯಾಟಿಗೆ ಸಾಗಹಾಕುತ್ತಾರೆ. ಅಲ್ಲಿ ಮೊದಲೇ ಗಂಡ, ಇಬ್ಬರು ಹುಡುಗರು. ಅಜ್ಜ ಮುಂದಿನ ಕೋಣೆಯ ಸೋಫಾ ಮೇಲೆ, ದೊಡ್ಡ ಮೊಮ್ಮಗ ಬಾಲ್ಕನಿಯಲ್ಲಿ. ರಾಕ್ಸಾನಾ ತಿಂಗಳ ಸಂಬಳವನ್ನು ಬೇರೆ ಬೇರೆ ಲಕೋಟೆಗಳಲ್ಲಿ ಹಾಕಿಡುತ್ತಾಳೆ. ಹಾಲಿಗೆ ಒಂದು, ಬ್ರೆಡ್ಡಿಗೆ ಒಂದು. ಅಜ್ಜನ ಔಷಧಿ ಬಂದ ಮೇಲೆ ಲಕೋಟೆಗಳು ಸೊರಗುತ್ತವೆ. ಸಣ್ಣ ಮೊಮ್ಮಗ ಜಹಾಂಗೀರ್ ಕ್ಲಾಸಿನಲ್ಲಿ ಹೋಂವರ್ಕ್ ನೋಡುವ ಮಾನಿಟರ್. ಅವನು ಸಹಪಾಠಿಗಳಿಂದ ದುಡ್ಡು ತೆಗೆದುಕೊಂಡು, ಅಮ್ಮನಿಗೆ ಗೊತ್ತಾಗದ ಹಾಗೆ ಆ ಲಕೋಟೆಗಳಿಗೆ ಸೇರಿಸುತ್ತಾನೆ. ಲಂಚ ತಗೊಂಡ ಮಗನ ಮೇಲೆ ಸಿಟ್ಟು ಬರಬೇಕೋ, ಅವನನ್ನು ತಬ್ಬಿಕೊಳ್ಳಬೇಕೋ ತಿಳಿಯುವುದಿಲ್ಲ.

ಈ ಪುಸ್ತಕವನ್ನು ಎಲ್ಲಿ ಬೇಕಾದರೂ ಬಿಡಬಹುದು. ಮತ್ತೆ ತೆರೆದರೆ ಪಕ್ಕದ ಮನೆಗೆ ಹೋಗಿ ಬಂದ ಹಾಗೆ, ಎಲ್ಲರೂ ಅಲ್ಲೇ ಇರುತ್ತಾರೆ. ಯಾರಿಗೆ ಏನು ಕಷ್ಟ ಅಂತ ನೆನಪು ಮಾಡಿಕೊಳ್ಳಬೇಕಾದ್ದೇ ಇಲ್ಲ. ಇನ್ನೊಂದು ಲಾಭ, ಇದನ್ನು ಬಾಯಲ್ಲಿ ಹೇಳಬಹುದು. ಸೊಪ್ಪು ಬಿಡಿಸುತ್ತ ನಾನು ಅತ್ತೆಗೆ ಹಿಂದಿನ ದಿನ ಓದಿದ ಭಾಗ ಹೇಳುತ್ತಿದ್ದೆ. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಸ್ವಲ್ಪ ದಿನಕ್ಕೆ ಅವರೇ ಕೇಳಲು ಶುರು ಮಾಡಿದರು: "ಏನಮ್ಮಾ, ಆ ಯಜಮಾನರ ಕಾಲು ವಾಸಿ ಆಯ್ತಾ?"

"ಎಲ್ಲಿ ಅತ್ತೆ, ಅವರು ವಾಪಸ್ ಬರಬಾರದು ಅಂತ ಆ ಕೂಮಿ ಜಾಲ್ ಕೈಲಿ ಮನೆಯ ಸೀಲಿಂಗೇ ಒಡೆಸಿಬಿಟ್ಟಳು. ರಿಪೇರಿ ಆಗಬೇಕು ಅಂತ ನೆಪ."

ಅತ್ತೆ ಕೈಲಿದ್ದ ಮೆಂತ್ಯದ ಕಟ್ಟು ಕೆಳಗಿಟ್ಟರು. "ಅಯ್ಯೋ ಪಾಪಿ. ಮಾಡಕ್ಕಾಗಲ್ಲ ಅಂತ ಬಾಯಿ ಬಿಟ್ಟು ಹೇಳಿದ್ರೆ ಆಗ್ತಿರಲಿಲ್ವಾ? ನಮ್ಮ ಮಾವನೋರು ಹಾಸಿಗೆ ಹಿಡಿದಾಗ ನಂಗೂ ಒಂದೊಂದು ದಿನ ಓಡಿಹೋಗಬೇಕು ಅನ್ನಿಸ್ತಿತ್ತು." ಇದನ್ನು ಅವರು ಅಲ್ಲಿಯವರೆಗೆ ನನಗೆ ಹೇಳಿರಲಿಲ್ಲ. ಯಜಮಾನರಿಗೂ ಗೊತ್ತಿರಲಿಲ್ಲ.

ಕೆನಡಾ ಈ ಕಾದಂಬರಿಯಲ್ಲಿ ಹಿಂಬಾಗಿಲಿನಿಂದ ಬರುತ್ತದೆ. ರಾಕ್ಸಾನಾಳ ಗಂಡ ಯೆಜಾದ್ ಹಿಂದೊಮ್ಮೆ ಕೆನಡಾಕ್ಕೆ ವಲಸೆ ಹೋಗಲು ಅರ್ಜಿ ಹಾಕಿ, ಸಂದರ್ಶನದಲ್ಲಿ ಅವಮಾನ ಉಂಡು ವಾಪಸ್ ಬಂದವನು. ಅರ್ಜಿ ಹಾಕಿ ಕಾದು ಇಲ್ಲಿಗೆ ಬಂದ ನಮ್ಮಂಥವರಿಗೆ ಆ ಪುಟಗಳು ಬೇಗ ಮುಗಿಯುವುದಿಲ್ಲ.

ಅನಿತಾ ರಾವ್ ಬಾದಾಮಿ ಅವರ ಪುಸ್ತಕವನ್ನು ಲೈಬ್ರರಿಯಲ್ಲಿ ಹೆಸರು ನೋಡಿಯೇ ಕೈಗೆತ್ತಿಕೊಂಡೆ. 1991ರಲ್ಲಿ ಕೆನಡಾಕ್ಕೆ ಬಂದವರು. 'ದ ಹೀರೋಸ್ ವಾಕ್' ಬಂದದ್ದು 2000ದಲ್ಲಿ. ತಮಿಳುನಾಡಿನ ಸಮುದ್ರದ ಅಂಚಿನ ಒಂದು ಕಾಲ್ಪನಿಕ ಊರು. ಶ್ರೀಪತಿ ರಾವ್ ಮಗಳ ಮದುವೆ ಒಪ್ಪದೆ ಅವಳ ಜೊತೆ ಮಾತು ಬಿಟ್ಟಿದ್ದಾನೆ. ವ್ಯಾಂಕೂವರ್‌ನಲ್ಲಿ ಮಗಳೂ ಅಳಿಯನೂ ಅಪಘಾತದಲ್ಲಿ ತೀರಿಕೊಳ್ಳುತ್ತಾರೆ. ಏಳು ವರ್ಷದ ಮೊಮ್ಮಗಳು ನಂದನಾಳನ್ನು ಅವನೇ ಹೋಗಿ ಕರೆದುಕೊಂಡು ಬರಬೇಕು. ಆ ಮಗು ಬಾಯಿಯೇ ಬಿಡುವುದಿಲ್ಲ. ಮನೆಯಲ್ಲಿ ಎಲ್ಲರ ಮೇಲೆ ಅಧಿಕಾರ ನಡೆಸುವ ಅಮ್ಮಯ್ಯ, ನಲವತ್ತು ದಾಟಿದರೂ ಮದುವೆಯಾಗದ ತಂಗಿ ಪುಟ್ಟಿ. ಓದುವಾಗ ಇವರ ದನಿ ನನಗೆ ಕನ್ನಡದಲ್ಲೇ ಕೇಳುತ್ತಿತ್ತು.

ಬಿಟ್ಟು ಹಿಡಿಯುವ ವಿಷಯದಲ್ಲಿ ಇದು ಮಿಸ್ತ್ರಿಗೆ ಸಮ. ಪುಟ ಕಡಿಮೆ, ಓಟ ಜಾಸ್ತಿ. ಆದರೆ ಅತ್ತೆಗೆ ಹೇಳಲಾಗಲಿಲ್ಲ. ಮಗ ದೂರ ದೇಶದಲ್ಲಿರುವ ತಾಯಿಯ ಮುಂದೆ, ದೂರ ದೇಶದಿಂದ ಬಂದ ಆ ಫೋನ್ ಕರೆಯನ್ನು ಹೇಗೆ ಹೇಳುವುದು? ಇದು ಗಂಡ ಹೆಂಡತಿ ಓದಿ ಮಾತಾಡಬೇಕಾದ ಪುಸ್ತಕ. ನಾವು ಹಾಗೆ ಮಾಡಿದೆವು. ನಮಗೇನಾದರೂ ಆದರೆ ಮಗಳನ್ನು ಯಾರು ನೋಡಿಕೊಳ್ಳಬೇಕು ಅನ್ನುವ ಮಾತು ನಮ್ಮಿಬ್ಬರ ನಡುವೆ ಮೊದಲ ಸಲ ಸರಿಯಾಗಿ ಬಂದದ್ದು ಈ ಪುಸ್ತಕದಿಂದ.

ಮಗಳಿಗೆ ಓದಿದ್ದು ಎಲ್. ಎಂ. ಮಾಂಟ್ಗೊಮರಿ ಅವರ 'ಆನ್ ಆಫ್ ಗ್ರೀನ್ ಗೇಬಲ್ಸ್'. 1908ರ ಪುಸ್ತಕ, ಪ್ರಿನ್ಸ್ ಎಡ್ವರ್ಡ್ ದ್ವೀಪದ ಕಥೆ. ಹೊಲದ ಕೆಲಸಕ್ಕೆ ಹುಡುಗ ಬೇಕು ಅಂತ ಹೇಳಿಕಳಿಸಿದ ವಯಸ್ಸಾದ ಅಣ್ಣ ತಂಗಿಯ ಮನೆಗೆ ಕೆಂಪು ಕೂದಲಿನ ಅನಾಥ ಹುಡುಗಿ ಬಂದು ಇಳಿಯುತ್ತಾಳೆ. 38 ಅಧ್ಯಾಯ, ಬಹುತೇಕ ಒಂದೊಂದೂ ಒಂದು ಪೂರ್ತಿ ಪ್ರಸಂಗ. ರಾಸ್ಪ್‌ಬೆರಿ ಶರಬತ್ತು ಅಂತ ಗೆಳತಿಗೆ ಕರಂಟ್ ಹಣ್ಣಿನ ವೈನ್ ಕುಡಿಸಿದ್ದು, ಕೂದಲು ಕಪ್ಪು ಮಾಡಲು ಹೋಗಿ ಹಸಿರು ಮಾಡಿಕೊಂಡದ್ದು, ಚುಡಾಯಿಸಿದ ಹುಡುಗನ ತಲೆ ಮೇಲೆ ಸ್ಲೇಟು ಒಡೆದದ್ದು. ಮಲಗುವ ಹೊತ್ತಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಮರ, ಹೂವು, ಸಂಜೆಯ ಬಣ್ಣದ ವರ್ಣನೆ ಉದ್ದವಾದಾಗ ಮಗಳು ಹೊರಳಾಡುತ್ತಾಳೆ. ಅಲ್ಲಿ ಸುಮ್ನೆ ಒಂದೆರಡು ಸಾಲು ಹಾರಿಸಿ. ಕೊನೆಯ ಹತ್ತಿರ ಒಂದು ಸಾವು ಬರುತ್ತದೆ, ಅದನ್ನು ಮಾತ್ರ ಹಾರಿಸಬೇಡಿ. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಇ-ಪುಸ್ತಕವೂ ಆಡಿಯೋವೂ ಉಚಿತವಾಗಿ ಸಿಗುತ್ತವೆ.

ಮಾರ್ಗರೆಟ್ ಅಟ್‌ವುಡ್ ಅವರ 'ದ ಹ್ಯಾಂಡ್‌ಮೇಡ್ಸ್ ಟೇಲ್' ಅನ್ನು ಬಟ್ಟೆ ಮಡಚುತ್ತ ಆಡಿಯೋದಲ್ಲಿ ಕೇಳಿದೆ. 1985ರ ಕಾದಂಬರಿ, ಈಗಲೂ ಭಯ ಹುಟ್ಟಿಸುತ್ತದೆ. ಕಿವಿಗೆ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಒಬ್ಬಳೇ ಹೆಂಗಸು ತನ್ನ ಕಥೆಯನ್ನು ತಾನೇ ಹೇಳುತ್ತ ಹೋಗುತ್ತಾಳೆ. ಆದರೆ ಮಗು ಇರುವ ಕಾರಿನಲ್ಲಿ ಹಾಕುವಂಥದ್ದಲ್ಲ. ಇಯರ್‌ಫೋನ್ ಹಾಕಿಕೊಂಡರೆ ಮನೆಯಲ್ಲಿ ಯಾರು ಕರೆದರೂ ಕೇಳುವುದಿಲ್ಲ. ನನ್ನ ಪಟ್ಟಿಯಲ್ಲಿ ಕೊನೆಗೆ ಬಂದದ್ದು ಇದಕ್ಕೇ.

ಪುಸ್ತಕ ಕೊಳ್ಳುವ ಅಗತ್ಯವಿಲ್ಲ. ಟೊರಾಂಟೊ ಪಬ್ಲಿಕ್ ಲೈಬ್ರರಿಗೆ ನೂರು ಶಾಖೆಗಳಿವೆ. ತಡವಾಗಿ ಕೊಟ್ಟರೂ ದಂಡವಿಲ್ಲ. ಮನೆ ನಡೆಸುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಮಿಸ್ತ್ರಿಯನ್ನು ಲೈಬ್ರರಿಯ ಇ-ಪುಸ್ತಕ ಫೋನಿನಲ್ಲೇ ಓದಲು ಸಿಗುವ ಲಿಬ್ಬಿ ಆ್ಯಪ್‌ನಲ್ಲಿ ತೆಗೆದುಕೊಳ್ಳಿ, ಅಷ್ಟು ದಪ್ಪ ಪುಸ್ತಕ ಬಸ್ಸಿನಲ್ಲಿ ನಿಂತು ಹಿಡಿಯಲು ಆಗುವುದಿಲ್ಲ. ಜನವರಿಯಲ್ಲಿ ಗ್ಲೌಸ್ ಹಾಕಿಕೊಂಡು ಪುಟ ತಿರುಗಿಸಲು ಬೆರಳ ತುದಿಯಲ್ಲಿ ಟಚ್ ಇರುವ ಗ್ಲೌಸ್ ಬೇಕು. ಮನ್ರೋ ಮಾತ್ರ ಕಾಗದದಲ್ಲೇ ಇರಲಿ. ಎರಡು ಪುಟ ಹಿಂದೆ ಹೋಗಿ ಇವಳು ಯಾರು, ಇದು ಯಾವ ವರ್ಷ ಅಂತ ನೋಡಿಕೊಳ್ಳಬೇಕಾಗುತ್ತದೆ. ಫೋನಿನಲ್ಲಿ ಅದು ಕಿರಿಕಿರಿ.

ಈಗ ಲೈಬ್ರರಿಯಲ್ಲಿ ನಾನು ಕಾದಿರಿಸಿರುವ ಹೋಲ್ಡ್ ಪಟ್ಟಿಯಲ್ಲಿರುವುದು ಕ್ಯಾರಲ್ ಶೀಲ್ಡ್ಸ್ ಅವರ 'ದ ಸ್ಟೋನ್ ಡೈರೀಸ್', ಒಬ್ಬ ಸಾಮಾನ್ಯ ಹೆಂಗಸಿನ ಹುಟ್ಟಿನಿಂದ ಸಾವಿನವರೆಗಿನ ಕಥೆ. ಬಂದ ಮೇಲೆ ಅತ್ತೆಗೆ ಮೊದಲು ಹೇಳುತ್ತೇನೆ.