ಬಿಚ್ಚಿ ಮಡಚುವ ಘನಾಕೃತಿಗಳ ಸೆಟ್: ಒಂದು ವರ್ಷದ ಬಳಕೆಯ ನಂತರ

ಪಾರದರ್ಶಕ ಡಬ್ಬಿ, ಒಳಗೆ ಬಣ್ಣದ ಪ್ಲಾಸ್ಟಿಕ್ ಹಾಳೆಯ ಜಾಲಾಕೃತಿ, ಅಂದರೆ ಮಡಚಿದರೆ ಘನಾಕೃತಿಯಾಗುವ ಚಪ್ಪಟೆ ನಕ್ಷೆ (ಚಿಕ್ಕದಾಗಿ 'ಜಾಲ'). ಆಕಾರಗಳ ಪಟ್ಟಿ ಪೆಟ್ಟಿಗೆಯ ಮೇಲೇ ಇದೆ, ಇಲ್ಲಿ ಬೇಡ.

ಈ ಸೆಟ್‌ನ ಸುಖ ಮಡಚುವುದರಲ್ಲಿಲ್ಲ, ಬಿಚ್ಚುವುದರಲ್ಲಿದೆ. ಘನದ (ಕ್ಯೂಬ್) ಹಾಳೆಯನ್ನು ಮಡಚಿದಂತೆಯೇ ಡಬ್ಬಿಯಿಂದ ಹೊರಗೆಳೆದು, ಬಿಚ್ಚುವ ಮುನ್ನ ಕೂಡಿಕೊಂಡಿರುವ ಅಂಚುಗಳ ಎರಡೂ ಬದಿಗೆ ಬೋರ್ಡ್ ಮಾರ್ಕರ್‌ನಲ್ಲಿ ಒಂದೇ ಅಕ್ಷರ ಬರೆಯಬೇಕು. 7 ಅಕ್ಷರ ಸಾಕು: 12 ಅಂಚುಗಳಲ್ಲಿ 5 ಮಡಿಕೆಯಾಗಿಯೇ ಉಳಿಯುತ್ತವೆ. ತಳವನ್ನು ಬೆರಳಲ್ಲಿ ಒತ್ತಿಹಿಡಿದು ಒಂದೊಂದೇ ಮುಖ ಮಲಗಿಸಿದಾಗ ಜೋಡಿ ಅಕ್ಷರಗಳು ದೂರದೂರ ಸರಿಯುತ್ತವೆ. ಮರುದಿನ ಅಕ್ಷರ ಒರೆಸಿ, ಚಪ್ಪಟೆ ಹಾಳೆ ನೋಡಿಯೇ ಜೋಡಿ ಹೇಳಬೇಕು. ಈ ಐದು ನಿಮಿಷಕ್ಕೆ ಪೂರ್ತಿ ಅಂಕ.

ಆದರೆ ಘನಕ್ಕೆ ಕೊಟ್ಟಿರುವುದು ಶಿಲುಬೆಯಾಕಾರದ ಒಂದೇ ಜಾಲ! ಇರುವುದು 11. ತಿಂಗಳೊಪ್ಪತ್ತು ಇದನ್ನೇ ಮಡಚಿದವರು ಬೇರೆ ಜಾಲ ಕಂಡರೆ 'ಇದು ಘನ ಆಗೋದಿಲ್ಲ' ಎನ್ನುತ್ತಾರೆ. ಯೋಚಿಸಬೇಕಾದ ಕೆಲಸವನ್ನು ಕಾರ್ಖಾನೆಯ ಮಡಿಕೆಯೇ ಮಾಡಿಬಿಡುತ್ತದೆ.

ಕೊನೆಗೆ ರಟ್ಟೇ ಗತಿ. 5 ಸೆಂ.ಮೀ.ನ ಆರು ಚೌಕ, ಪೇಪರ್ ಟೇಪ್. ಟೇಪ್ ಒಳಮೈಗೆ ಬರಬೇಕು. ಹೊರಮೈಗೆ ಹಚ್ಚಿದರೆ ರಟ್ಟಿನ ದಪ್ಪ ಅಡ್ಡಬಂದು 90 ಡಿಗ್ರಿಗೆ ಮಡಿಯುವುದಿಲ್ಲ. ನಾಲ್ಕು ಚೌಕದ ಸಾಲು, ಮೇಲೊಂದು ಕೆಳಗೊಂದು ಮುಚ್ಚಳ. ಮೇಲಿನ ಮುಚ್ಚಳದಲ್ಲಿ ಒಂದು ಬಾಣ ಬರೆಯಿರಿ. ಟೇಪ್ ಬಿಡಿಸಿ ಮುಚ್ಚಳವನ್ನು ಪಕ್ಕದ ಚೌಕಕ್ಕೆ ಸಾಗಿಸುವಾಗ ಮೂಲೆಯ ಸುತ್ತ ಕಾಲು ಸುತ್ತು ಉರುಳಿಸಬೇಕು. ಹಾಳೆಯಲ್ಲಿ ಬಾಣ ತಿರುಗಿದರೂ ಮಡಚಿದಾಗ ಮೊದಲಿದ್ದ ದಿಕ್ಕನ್ನೇ ತೋರಿಸುತ್ತದೆ. ಉರುಳಿಸದೆ ಬರೀ ಸರಿಸಿದರೆ ಬಾಣದ ದಿಕ್ಕು ತಪ್ಪುತ್ತದೆ. ದಾಳದ ಚಿತ್ರದ ಪ್ರಶ್ನೆಗಳಲ್ಲಿ ಎಡವುವುದು ಇಲ್ಲೇ. ಮುಚ್ಚಳಗಳನ್ನು ಹೀಗೆ ಉರುಳಿಸಿದರೆ 6 ಜಾಲ ಸಿಗುತ್ತವೆ. ಉಳಿದ 5ಕ್ಕೆ ಸಾಲನ್ನೇ ಮುರಿಯಬೇಕು: ತುದಿಯ ಚೌಕ ಬಿಡಿಸಿ ಮುಚ್ಚಳದ ಪಕ್ಕಕ್ಕೆ ಅಂಟಿಸುವುದರಿಂದ ಶುರು. ಎಲ್ಲಾದರೂ 2×2 ಕಟ್ಟು ಉಂಟಾದರೆ ಅಲ್ಲಿಗೇ ಬಿಡಿ. ಘನದ ಮೂಲೆಯಲ್ಲಿ ಸೇರುವುದು ಮೂರೇ ಮುಖ, ನಾಲ್ಕನೆಯದಕ್ಕೆ ಜಾಗವಿಲ್ಲ. ಐದರ ಸಾಲೂ ಅಷ್ಟೇ, ಐದನೆಯದು ಮೊದಲನೆಯದರ ಮೇಲೆ ಕೂರುತ್ತದೆ.

ಹಾಗಂತ ಸೆಟ್ ಮೂಲೆಗುಂಪಾಗಬೇಕಿಲ್ಲ. ಸಿಲಿಂಡರ್, ಶಂಕುಗಳನ್ನು ರಟ್ಟಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಮಾಡುವುದು ಕಷ್ಟ. ಸಿಲಿಂಡರ್‌ನ ವೃತ್ತ ಆಯತಕ್ಕೆ ಅಂಟಿರುವ ಸಣ್ಣ ಕತ್ತು ಮಾತ್ರ ಎಲ್ಲಕ್ಕಿಂತ ಮೊದಲು ಹರಿಯುತ್ತದೆ. ಬದಲಿ ಹಾಳೆ ಕತ್ತರಿಸುವವರು ವ್ಯಾಸದ ಮೂರುಪಟ್ಟು ಉದ್ದ ಸಾಕೆಂದುಕೊಳ್ಳಬೇಡಿ. 5 ಸೆಂ.ಮೀ. ವ್ಯಾಸಕ್ಕೆ 15.7 ಬೇಕು, 15ಕ್ಕೆ ನಿಲ್ಲಿಸಿದರೆ 7 ಮಿ.ಮೀ. ಬಿರುಕು ಬಾಯಿಬಿಡುತ್ತದೆ.