ಜೀಸಸ್ ಜೀನ್ಸ್‌ನಿಂದ ಸೂಪರ್ ಬೌಲ್‌ವರೆಗೆ: ಚರ್ಚನ್ನು ಕೆಣಕಿದ ಜಾಹೀರಾತುಗಳಿಗೆ ನನ್ನ ಅಂಕ

ಮೊದಲೇ ಹೇಳಿಬಿಡುತ್ತೇನೆ, ಇದು ಬಟ್ಟೆಯ ವಿಮರ್ಶೆ ಅಲ್ಲ, ಐಸ್‌ಕ್ರೀಂ ರುಚಿಯ ವಿಮರ್ಶೆಯೂ ಅಲ್ಲ. ಜಾಹೀರಾತನ್ನೇ ಸರಕು ಅಂದುಕೊಂಡು ಐದಕ್ಕೆ ಎಷ್ಟು ಅಂತ ಅಂಕ ಹಾಕಿದ್ದೇನೆ. ಯುರೋಪಿನಲ್ಲಿ ಐವತ್ತು ವರ್ಷದಿಂದ ಒಂದು ಆಟ ನಡೆಯುತ್ತಿದೆ. ಯಾವುದೋ ಕಂಪನಿ ಒಬ್ಬ ಪಾದ್ರಿಯನ್ನೋ, ಸಿಸ್ಟರನ್ನೋ, ಯೇಸುವಿನ ಕೊನೆಯ ಭೋಜನವನ್ನೋ ಪೋಸ್ಟರಿಗೆ ಎಳೆದು ತರುತ್ತದೆ. ಚರ್ಚಿನವರಿಗೆ ಸಿಟ್ಟು ಬರುತ್ತದೆ. ಪತ್ರಿಕೆಗಳು ಆ ಸಿಟ್ಟಿನ ಸುದ್ದಿ ಬರೆಯುವಾಗ ಅದೇ ಪೋಸ್ಟರನ್ನು ಪುಕ್ಕಟೆ ಅಚ್ಚು ಹಾಕುತ್ತವೆ. ಕಂಪನಿ ಕೊನೆಗೆ ಕ್ಷಮೆ ಕೇಳುತ್ತದೆ ಅಥವಾ ಕೇಳುವುದಿಲ್ಲ, ಅಷ್ಟರಲ್ಲಿ ಕೆಲಸ ಆಗಿರುತ್ತದೆ. ಈ ಸಿಟ್ಟನ್ನು ಲೆಕ್ಕ ಹಾಕಿಯೇ ಬಜೆಟ್ ಮಾಡಿರುತ್ತಾರೆ, ಹಾಗಾಗಿ ಬರೀ ಕೆಣಕಿದ್ದಕ್ಕೆ ನನ್ನ ಹತ್ತಿರ ಅಂಕ ಇಲ್ಲ. ತಾನು ಕೆಣಕುತ್ತಿರುವುದು ಏನನ್ನು ಅಂತ ಜಾಹೀರಾತು ಮಾಡಿದವನಿಗೆ ಗೊತ್ತಿತ್ತಾ? ನಾನು ನೋಡುವುದು ಅದನ್ನೇ.

ಶುರು ಮಾಡಬೇಕಾದದ್ದು ಇಟಲಿಯ ಟೂರಿನ್‌ನಿಂದ. 1970ರ ದಶಕದ ಆರಂಭದಲ್ಲಿ ಅಲ್ಲಿನ ಒಂದು ಬಟ್ಟೆ ಕಂಪನಿ ತನ್ನ ಜೀನ್ಸ್‌ಗೆ 'ಜೀಸಸ್' ಅಂತಲೇ ಹೆಸರಿಟ್ಟಿತು. ಹೌದು, ಯೇಸುವಿನ ಹೆಸರೇ. ಜಿಪ್ ಅರ್ಧ ತೆರೆದ ಪ್ಯಾಂಟಿನ ಫೋಟೋ, ಅದರ ಮೇಲೆ ಒಂದು ಸಾಲು: ನಾನಲ್ಲದೆ ನಿನಗೆ ಬೇರೆ ಜೀನ್ಸ್ ಇರಬಾರದು. ಮೋಶೆಯ ಹತ್ತು ಆಜ್ಞೆಗಳಲ್ಲಿ ಮೊದಲನೆಯದರಲ್ಲಿ 'ದೇವರು' ತೆಗೆದು 'ಜೀನ್ಸ್' ಹಾಕಿದರು, ಅಷ್ಟೇ. ಇನ್ನೊಂದು ಪೋಸ್ಟರಿನಲ್ಲಿ ಚಿಕ್ಕ ಡೆನಿಮ್ ಚಡ್ಡಿ ಹಾಕಿದ ಹುಡುಗಿಯ ಹಿಂಭಾಗ, ಅದರ ಮೇಲೆ 'ನನ್ನನ್ನು ಪ್ರೀತಿಸುವವನು ನನ್ನ ಹಿಂದೆ ಬರಲಿ' ಅನ್ನುವ ಮಾತು. ಫೋಟೋ ತೆಗೆದವನು ಒಲಿವಿಯೆರೊ ಟೊಸ್ಕಾನಿ. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಇದು ಎಷ್ಟು ಒರಟಾಗಿದೆಯೋ ಅಷ್ಟೇ ಜಾಣತನವೂ ಇದೆ. ಬೈಬಲಿನ ಮಾತು ಬಾಯಿಪಾಠ ಇದ್ದವನು ಮಾತ್ರ ಬರೆಯಬಲ್ಲ ಸಾಲು ಅದು. ಓದುವ ಇಟಲಿಯವರಿಗೂ ಅದು ಬಾಯಿಪಾಠ, ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಹೇಳಿಸಿರುತ್ತಾರಲ್ವಾ. ಅದಕ್ಕೇ ನಾಟಿತು. ವ್ಯಾಟಿಕನ್ನಿನ ಪತ್ರಿಕೆ ಗೊಣಗಿತು. ಆಗ ಕವಿ, ಸಿನಿಮಾ ನಿರ್ದೇಶಕ ಪಾಸೊಲಿನಿ 1973ರ ಮೇ ತಿಂಗಳಲ್ಲಿ 'ಕೊರಿಯೆರೆ ದೆಲ್ಲಾ ಸೆರಾ' ಪತ್ರಿಕೆಯಲ್ಲಿ ಈ ಘೋಷಣೆಯ ಮೇಲೆ ಒಂದು ಲೇಖನ ಬರೆದ. ಜಾಹೀರಾತು ಎಷ್ಟು ಕೆಟ್ಟದ್ದು ಅನ್ನುವುದಕ್ಕಿಂತ ಚರ್ಚಿನ ಗೊಣಗಾಟಕ್ಕೆ ಯಾವ ಬಲವೂ ಉಳಿದಿಲ್ಲ ಅನ್ನುವುದು ಅವನ ಕಣ್ಣಿಗೆ ಬಿತ್ತು. ಹೊಸ ಕೈಗಾರಿಕಾ ಜಗತ್ತಿಗೆ ಚರ್ಚ್ ಬೇಕಾಗಿಯೇ ಇಲ್ಲ, ಹಣದ ಜೊತೆ ಇಷ್ಟು ವರ್ಷ ರಾಜಿ ಮಾಡಿಕೊಂಡು ಬಂದ ಚರ್ಚಿಗೆ ಈಗ ಅದರ ಫಲ ಸಿಗುತ್ತಿದೆ ಅನ್ನುವ ಧಾಟಿ. ಒಂದು ಜೀನ್ಸ್ ಪ್ಯಾಂಟಿನ ಜಾಹೀರಾತಿನ ಬಗ್ಗೆ ಇಷ್ಟು ಗಂಭೀರವಾಗಿ ಬೇರೆ ಯಾರಾದರೂ ಬರೆದಿದ್ದಾರಾ ನನಗೆ ಅನುಮಾನ.

ಒಂದು ತಮಾಷೆ ಕೇಳಿ. ಆ ಬ್ರ್ಯಾಂಡ್ ಈಗ ಬೇಸಿಕ್‌ನೆಟ್ ಅನ್ನುವ ಇಟಲಿಯ ಕಂಪನಿಯ ಕೈಯಲ್ಲಿದೆ. ಅಮೆರಿಕದಲ್ಲಿ 2007ರಲ್ಲಿ ಬಟ್ಟೆಗೆ 'ಜೀಸಸ್' ಅನ್ನುವ ಟ್ರೇಡ್‌ಮಾರ್ಕ್ ನೋಂದಣಿ ಮಾಡಿಸಿಕೊಂಡರು. ಆಮೇಲೆ ಯೇಸುವಿನ ಹೆಸರು ಹಾಕಿ ಟೀ ಶರ್ಟ್ ಮಾರಲು ಹೊರಟ ಸಣ್ಣಪುಟ್ಟವರನ್ನು ವಕೀಲರ ಮೂಲಕ ತಡೆಯತೊಡಗಿದರು. ಬ್ರಿಟನ್‌ನಲ್ಲಿ ಮಾತ್ರ ಈ ಹೆಸರು ನೋಂದಾಯಿಸಲು ಒಪ್ಪಲಿಲ್ಲ. ಜಾಹೀರಾತಿಗೆ ನನ್ನ ಅಂಕ 4. ಒಂದು ಅಂಕ ಕಡಿದದ್ದು ಧರ್ಮಕ್ಕಾಗಿ ಅಲ್ಲ. ಸಾಲು ಅಷ್ಟು ಚುರುಕಾಗಿತ್ತು, ಹುಡುಗಿಯ ಅಂಡು ತೋರಿಸುವ ಅಗತ್ಯವೇ ಇರಲಿಲ್ಲ.

ಇನ್ನು ಬೆನೆಟನ್. ನಮ್ಮ ಮಾಲ್‌ಗಳಲ್ಲೂ ಹಸಿರು ಬೋರ್ಡಿನ ಈ ಬಟ್ಟೆ ಅಂಗಡಿ ನೋಡಿರುತ್ತೀರಿ. 1991ರಲ್ಲಿ ಟೊಸ್ಕಾನಿ ಇವರಿಗೆ ಮಾಡಿಕೊಟ್ಟ ಪೋಸ್ಟರಿನಲ್ಲಿ ಕಪ್ಪು ನಿಲುವಂಗಿಯ ಯುವ ಪಾದ್ರಿ ಮತ್ತು ಬಿಳಿ ಉಡುಪಿನ ಯುವ ಸಿಸ್ಟರ್ ತುಟಿಗೆ ತುಟಿ ಇಟ್ಟಿದ್ದಾರೆ. ಸ್ವೆಟರ್ ಇಲ್ಲ, ಬೆಲೆ ಇಲ್ಲ, ಮೂಲೆಯಲ್ಲಿ ಹಸಿರು ಚೌಕದಲ್ಲಿ ಕಂಪನಿಯ ಹೆಸರು ಮಾತ್ರ. ಇಟಲಿಯಲ್ಲಿ ವ್ಯಾಟಿಕನ್ನಿನ ವಿರೋಧದಿಂದ ನಿಷೇಧ ಆಯಿತು. ಬ್ರಿಟನ್‌ನ ಜಾಹೀರಾತು ಗುಣಮಟ್ಟ ಪ್ರಾಧಿಕಾರವೂ ದೂರುಗಳನ್ನು ಎತ್ತಿಹಿಡಿಯಿತು. ಆದರೆ ಅದೇ ಬ್ರಿಟನ್‌ನಲ್ಲಿ ಇದಕ್ಕೆ ಪ್ರಶಸ್ತಿಯೂ ಬಂತು. ಜರ್ಮನಿಯ ಒಬ್ಬ ಸಿಸ್ಟರ್ ಈ ಚಿತ್ರದಲ್ಲಿ ಶಾಂತಿ ಕಾಣುತ್ತದೆ ಅಂತ ಪತ್ರ ಬರೆದಳು ಅಂತ ಬೆನೆಟನ್ನಿನವರು ಹೇಳಿಕೊಂಡು ತಿರುಗಿದರು.

ಫೋಟೋ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ಕಪ್ಪು, ಬಿಳಿ, ಎರಡು ಮುಖ, ಹಿಂದೆ ಏನೂ ಇಲ್ಲ. ಅದರಲ್ಲಿ ಅಸಹ್ಯ ಅನ್ನಿಸುವಂಥದ್ದೂ ಇಲ್ಲ. ನನ್ನ ತಕರಾರು ಬೇರೆ. ಪಾದ್ರಿ ಮತ್ತು ಸಿಸ್ಟರ್ ಬ್ರಹ್ಮಚರ್ಯದ ವ್ರತ ತೊಟ್ಟವರು. ಆ ವ್ರತದ ಬಗ್ಗೆ ಈ ಚಿತ್ರಕ್ಕೆ ಹೇಳುವುದು ಏನಾದರೂ ಇದೆಯಾ ಅಂತ ಹುಡುಕಿದರೆ ಸಿಗುವುದಿಲ್ಲ. ವ್ರತ ಸರಿಯಾ, ತಪ್ಪಾ, ಕಷ್ಟವಾ? ಏನೂ ಇಲ್ಲ. ಜೀಸಸ್ ಜೀನ್ಸ್‌ನಲ್ಲಿ ಒಂದು ವಾದ ಇತ್ತು, ಇನ್ನು ಮುಂದೆ ಅಂಗಡಿಯೇ ದೇವರು ಅನ್ನುವ ವಾದ, ನಮಗೆ ಇಷ್ಟವಾಗಲಿ ಬಿಡಲಿ. ಇಲ್ಲಿ ಬರೀ ಉಡುಪಿನ ಬಣ್ಣ. ಅಂಕ 3, ಅದೂ ಕ್ಯಾಮೆರಾ ಕೆಲಸಕ್ಕೆ.

ಮರುವರ್ಷದ್ದಕ್ಕೆ ಅಂಕ ಹಾಕಲು ಕೈ ಬರುವುದಿಲ್ಲ. ಏಡ್ಸ್‌ನಿಂದ ಸಾಯುತ್ತಿರುವ ಡೇವಿಡ್ ಕರ್ಬಿ, ಅವನ ತಲೆಗೆ ತಲೆ ಒತ್ತಿ ಅಳುತ್ತಿರುವ ಅಪ್ಪ. ತೆರೇಸ್ ಫ್ರೇರ್ 1990ರಲ್ಲಿ ಅಮೆರಿಕದ ಓಹಾಯೊದಲ್ಲಿ ತೆಗೆದ ಕಪ್ಪುಬಿಳುಪು ಚಿತ್ರ ಅದು, 'ಲೈಫ್' ಪತ್ರಿಕೆಯಲ್ಲಿ ಬಂದಿತ್ತು. ಬೆನೆಟನ್ ಅದಕ್ಕೆ ಬಣ್ಣ ಹಚ್ಚಿಸಿ 1992ರಲ್ಲಿ ಜಾಹೀರಾತು ಮಾಡಿತು. ಶಿಲುಬೆಯಿಂದ ಇಳಿಸಿದ ಯೇಸುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ಮರಿಯಮ್ಮನ ಚಿತ್ರಗಳನ್ನು ಇದು ಅಣಕಿಸುತ್ತದೆ ಅಂತ ಕೆಲವು ಕಥೋಲಿಕರು ಆಕ್ಷೇಪ ಎತ್ತಿದರು. ಏಡ್ಸ್ ಪರ ಹೋರಾಟಗಾರರಿಗೆ ಬೇರೆ ಸಿಟ್ಟು, ಸಾವನ್ನು ತೋರಿಸಿ ಸ್ವೆಟರ್ ಮಾರುತ್ತೀರಾ ಅಂತ. ಕರ್ಬಿಯ ಮನೆಯವರು ಮಾತ್ರ ಒಪ್ಪಿಗೆ ಕೊಟ್ಟಿದ್ದರು. ಬೆನೆಟನ್ ನಮ್ಮನ್ನು ಬಳಸಿಕೊಳ್ಳುತ್ತಿಲ್ಲ, ನಾವೇ ಅವರನ್ನು ಬಳಸಿಕೊಳ್ಳುತ್ತಿದ್ದೇವೆ ಅನ್ನುವುದು ಅವರ ನಿಲುವು. ಮರಿಯಮ್ಮನ ಚಿತ್ರ ನೆನಪಾದರೆ ಅದು ಅಣಕವಾ? ಮಗನನ್ನು ಕಳೆದುಕೊಳ್ಳುವ ಸಂಕಟಕ್ಕೆ ಐನೂರು ವರ್ಷದಿಂದ ಆ ಚಿತ್ರಗಳೇ ಆಕಾರ ಕೊಟ್ಟಿದ್ದರೆ ಅದು ಚರ್ಚಿನ ಕಲೆಯ ಗೆಲುವಲ್ವಾ? ಆಕ್ಷೇಪ ಎತ್ತಿದವರು ಇನ್ನೊಂದು ಸಲ ನೋಡಬೇಕಿತ್ತು ಅನ್ನಿಸುತ್ತದೆ.

ಟೊಸ್ಕಾನಿ 2000ದಲ್ಲಿ ಬೆನೆಟನ್ ಬಿಟ್ಟ. 2011ರ ನವೆಂಬರಿನಲ್ಲಿ ಅವನಿಲ್ಲದೆ ಅವನದೇ ಆಟ ಆಡಲು ಹೋದರು. 'ಅನ್‌ಹೇಟ್' ಅಂತ ಹೆಸರು. ಜಗತ್ತಿನ ನಾಯಕರು ಒಬ್ಬರಿಗೊಬ್ಬರು ಮುತ್ತು ಕೊಡುವ ಹಾಗೆ ಕಂಪ್ಯೂಟರಿನಲ್ಲಿ ಜೋಡಿಸಿದ ಚಿತ್ರಗಳು. ಅದರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಮತ್ತು ಕೈರೋದ ಅಲ್ ಅಝರ್ ಮಸೀದಿಯ ಮುಖ್ಯ ಇಮಾಮ್ ಕೂಡ. ವ್ಯಾಟಿಕನ್ ಕಣ್ಣು ಕೆಂಪಗೆ ಮಾಡಿದ್ದೇ ತಡ, ಅದೇ ದಿನ ಆ ಚಿತ್ರ ಹಿಂದಕ್ಕೆ ಹೋಯಿತು. ಮರುವರ್ಷ ಕ್ಷಮೆ ಕೇಳಿ, ಒಂದು ಕಥೋಲಿಕ ದತ್ತಿ ಸಂಸ್ಥೆಗೆ ದೇಣಿಗೆ ಕೊಟ್ಟು ವ್ಯಾಜ್ಯ ಮುಗಿಸಿಕೊಂಡರು. ಅದೇ ವರ್ಷ ಕಾನ್ ಜಾಹೀರಾತು ಉತ್ಸವದಲ್ಲಿ ಈ ಸರಣಿಗೆ ದೊಡ್ಡ ಪ್ರಶಸ್ತಿ ಸಿಕ್ಕಿತು. ದ್ವೇಷ ಬೇಡ ಅನ್ನುವುದಕ್ಕೆ ಪೋಪ್ ಬೇಕೇ ಬೇಕು ಅನ್ನುವಷ್ಟು ನಂಬಿಕೆ ಇದ್ದರೆ ಒಂದು ವಾರವಾದರೂ ಗಟ್ಟಿಯಾಗಿ ನಿಲ್ಲಬೇಕಿತ್ತು. ನಿಲ್ಲುವ ಧೈರ್ಯ ಇಲ್ಲದಿದ್ದರೆ ಸುಮ್ನೆ ಬೇರೆ ಯಾರದ್ದಾದರೂ ಫೋಟೋ ಹಾಕಬಹುದಿತ್ತು. ಅಂಕ 1.

ಅದಕ್ಕಿಂತ ಕಡಿಮೆ ಅಂಕ ಬ್ರಿಟನ್‌ನ ಆಂಟೋನಿಯೊ ಫೆಡೆರಿಚಿ ಐಸ್‌ಕ್ರೀಂಗೆ. 2010ರಲ್ಲಿ ಅವರ ಜಾಹೀರಾತಿನಲ್ಲಿ ತುಂಬು ಗರ್ಭಿಣಿ ಸಿಸ್ಟರ್ ಒಬ್ಬಳು ಚರ್ಚಿನೊಳಗೆ ನಿಂತು ಡಬ್ಬಿಯಿಂದ ಐಸ್‌ಕ್ರೀಂ ತಿನ್ನುತ್ತಿದ್ದಾಳೆ. ಇದು ಅಮಲೋದ್ಭವ ಐಸ್‌ಕ್ರೀಂ ಅನ್ನುವ ಅರ್ಥದ ಸಾಲು. ನಗು ಬಂತಾ? ತಮಾಷೆಯೇ ತಪ್ಪು. ಅಮಲೋದ್ಭವ ಅಂದರೆ ಮರಿಯಮ್ಮ ತನ್ನ ತಾಯಿಯ ಗರ್ಭದಲ್ಲಿ ಪಾಪದ ಸೋಂಕಿಲ್ಲದೆ ಮೂಡಿದಳು ಅನ್ನುವ ನಂಬಿಕೆ. ಪೋಪ್ 9ನೇ ಪಿಯುಸ್ 1854ರಲ್ಲಿ ಘೋಷಿಸಿದ್ದು. ಕನ್ಯೆ ಯೇಸುವನ್ನು ಹೆತ್ತದ್ದು ಬೇರೆಯೇ ಸಂಗತಿ. ಹಾಗಾಗಿ ಗರ್ಭಿಣಿ ಸಿಸ್ಟರಿಗೂ ಆ ಸಾಲಿಗೂ ಸಂಬಂಧವೇ ಇಲ್ಲ. ಧರ್ಮವನ್ನು ಆಡಿಕೊಳ್ಳಲು ಹೊರಟವನು ಮಂಗಳೂರಿನ ಯಾವುದಾದರೂ ಚರ್ಚಿನ ಭಾನುವಾರದ ಕ್ಲಾಸಿನ ಹುಡುಗನನ್ನು ಕೇಳಿದ್ದರೂ ತಿದ್ದಿ ಕೊಡುತ್ತಿದ್ದ. ದೂರು ಬಂದದ್ದು ಬರೀ 10. ಪ್ರಾಧಿಕಾರ ನಿಷೇಧ ಹಾಕಿತು. ಪೋಪ್ ಬ್ರಿಟನ್‌ಗೆ ಬರುವ ವಾರವೇ ಆ ತೀರ್ಪು ಹೊರಬಿತ್ತು, ಎಲ್ಲ ಪತ್ರಿಕೆಗಳಲ್ಲೂ ಗರ್ಭಿಣಿ ಸಿಸ್ಟರ್. ಹತ್ತು ಜನರ ದೂರಿನಿಂದ ಆ ಐಸ್‌ಕ್ರೀಮಿಗೆ ಸಿಕ್ಕ ಪ್ರಚಾರ ದುಡ್ಡು ಕೊಟ್ಟು ಕೊಳ್ಳಲು ಆಗುತ್ತಿರಲಿಲ್ಲ. ಅಂಕ ಅರ್ಧ. ಐಸ್‌ಕ್ರೀಂ ಚೆನ್ನಾಗಿತ್ತೋ ಏನೋ, ಜಾಹೀರಾತು ಅದನ್ನೂ ಹೇಳಲಿಲ್ಲ.

ಫ್ರಾನ್ಸಿನದ್ದು ಬೇಗ ಮುಗಿಸುತ್ತೇನೆ. 1998ರಲ್ಲಿ ಫೋಕ್ಸ್‌ವ್ಯಾಗನ್ ಕೊನೆಯ ಭೋಜನದ ಚಿತ್ರ ಇಟ್ಟು ಹೊಸ ಗಾಲ್ಫ್ ಕಾರು ಹುಟ್ಟಿತು, ಸಂತೋಷಪಡೋಣ ಅಂದಿತು. ಬಿಷಪ್ಪರು ಕೋರ್ಟ್ ಮೆಟ್ಟಿಲೇರಿದರು, ಕಂಪನಿ ಪೋಸ್ಟರ್ ಕಿತ್ತಿತು. 2005ರಲ್ಲಿ ಜಿರ್ಬೊ ಅನ್ನುವ ಫ್ಯಾಷನ್ ಕಂಪನಿ ಅದೇ ಭೋಜನದ ಮೇಜಿನ ಮುಂದೆ ಹೆಂಗಸರನ್ನು ಕೂರಿಸಿತು, ಜೊತೆಗೆ ಬೆನ್ನು ತಿರುಗಿಸಿದ ಒಬ್ಬ ಗಂಡಸು. ಕೆಳಗಿನ ಕೋರ್ಟ್ ನಿಷೇಧಿಸಿತು, 2006ರಲ್ಲಿ ಮೇಲಿನ ಕೋರ್ಟ್ ಆ ನಿಷೇಧ ತೆಗೆದುಹಾಕಿತು. ಎರಡರಲ್ಲೂ ಅಣಕವಾದದ್ದು ಲಿಯೊನಾರ್ಡೊ ಡಾ ವಿಂಚಿ ಬರೆದ ಆ ಭೋಜನದ ಗೋಡೆಚಿತ್ರ, ಬೈಬಲ್ ಅಲ್ಲ. ಕಾರಿಗೆ 1, ಹೆಂಗಸರಿಗೆ 3.

ನನಗೆ ತುಂಬಾ ಇಷ್ಟವಾದದ್ದು ಲಿಥುವೇನಿಯಾದ್ದು. 2012ರಲ್ಲಿ ಒಬ್ಬ ವಸ್ತ್ರವಿನ್ಯಾಸಕನ ಬಟ್ಟೆಗೆ ಮಾಡಿದ ಪೋಸ್ಟರುಗಳು. ಉದ್ದ ಕೂದಲು, ತಲೆಯ ಹಿಂದೆ ಪ್ರಭೆ, ಮೈಮೇಲೆ ಹಚ್ಚೆ ಇರುವ ಹುಡುಗ ಜೀನ್ಸ್ ಹಾಕಿ ನಿಂತಿದ್ದಾನೆ: ಜೀಸಸ್, ಎಂಥಾ ಪ್ಯಾಂಟು! ಪಕ್ಕದಲ್ಲಿ ಬಿಳಿ ಉಡುಪಿನ ಹುಡುಗಿ: ಮರಿಯಮ್ಮಾ, ಎಂಥಾ ಡ್ರೆಸ್ಸು! ನಾವು 'ಅಯ್ಯೋ ರಾಮ', 'ಶಿವಶಿವಾ' ಅನ್ನುವ ಹಾಗೆ ಅಲ್ಲಿನ ಜನ ದಿನಾ ಅನ್ನುವ ಮಾತು. ಯಾರನ್ನೂ ತುಳಿಯದ ನಗು, ಬಟ್ಟೆಯೂ ಕಾಣುತ್ತದೆ, ಹೇಳಬೇಕಾದದ್ದೂ ಬಟ್ಟೆಯ ಬಗ್ಗೆಯೇ. ಆದರೂ ಸುಮಾರು ನೂರು ದೂರು ಹೋಯಿತು, 2,000 ಲಿಟಾಸ್ ದಂಡ ಬಿತ್ತು, ಸುಮಾರು 580 ಯೂರೊ. ಕಂಪನಿ ಬಿಡಲಿಲ್ಲ. 2018ರ ಜನವರಿ 30ರಂದು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಈ ದಂಡ ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ ಅಂತ ತೀರ್ಪು ಕೊಟ್ಟಿತು. ಅಂಕ 4.5. ನಮ್ಮಲ್ಲಾದರೆ ಇಂಥದ್ದು ಧಾರ್ಮಿಕ ಭಾವನೆ ಕೆರಳಿಸುವುದರ ವಿರುದ್ಧದ ಕಲಮಿನ (ಹಿಂದೆ 295ಎ, 2024ರಿಂದ ನ್ಯಾಯ ಸಂಹಿತೆಯ 299) ಹೆಸರು ಕೇಳಿದ ಕೂಡಲೇ ಏಜೆನ್ಸಿಯ ಮೀಟಿಂಗ್ ರೂಮಿನಲ್ಲೇ ಸತ್ತುಹೋಗುತ್ತಿತ್ತು, ಯಾವ ಧರ್ಮದ್ದೇ ಆಗಿರಲಿ.

ಕೆಣಕುವುದು ಹೊರಗಿನವರು ಮಾತ್ರ ಅಂದುಕೊಳ್ಳಬೇಡಿ, ಚರ್ಚಿನವರೂ ಇದೇ ಅಂಗಡಿಯ ಗಿರಾಕಿಗಳು. 1999ರ ಈಸ್ಟರ್‌ಗೆ ಬ್ರಿಟನ್‌ನ ಚರ್ಚುಗಳ ಜಾಹೀರಾತು ಕೂಟ ಕ್ರಾಂತಿಕಾರಿ ಚೆ ಗುವಾರನ ಹಾಗೆ ಕಾಣುವ ಯೇಸುವನ್ನು ಕೆಂಪು ಪೋಸ್ಟರಿಗೆ ಹಾಕಿತು, ತಲೆಯ ಮೇಲೆ ಮುಳ್ಳಿನ ಕಿರೀಟ. ಸಾಧು, ಸೌಮ್ಯ ಅಂತೆ, ಹೋಗ್ರೀ ಅನ್ನುವ ಧಾಟಿಯ ಸಾಲು. ಸಂಪ್ರದಾಯಸ್ಥರು ಉರಿದುಬಿದ್ದರು. ನಾನು 4 ಕೊಡುತ್ತೇನೆ. ದೇವಾಲಯದಲ್ಲಿ ಹಣ ಬದಲಿಸುವವರ ಮೇಜು ಉರುಳಿಸಿದವನು ಸೌಮ್ಯನಲ್ಲ ಅನ್ನುವುದಕ್ಕೆ ಸುವಾರ್ತೆಯ ಆಧಾರವೇ ಇದೆ. 2009ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಸೇಂಟ್ ಮ್ಯಾಥ್ಯೂ ಚರ್ಚ್ ಇನ್ನೂ ಮುಂದೆ ಹೋಯಿತು. ಯೋಸೇಫ, ಮರಿಯಮ್ಮ ಒಂದೇ ಹಾಸಿಗೆಯಲ್ಲಿ, ಯೋಸೇಫನ ಮುಖ ಬಾಡಿದೆ, ದೇವರ ನಂತರ ಬಂದವನ ಪಾಡು ಕಷ್ಟ ಅನ್ನುವ ಪೋಲಿ ಜೋಕು. ಕೆಲವೇ ಗಂಟೆಗಳಲ್ಲಿ ಯಾರೋ ಬಣ್ಣ ಬಳಿದರು. ಕ್ರಿಸ್‌ಮಸ್ ಕಥೆಯನ್ನು ಅಕ್ಷರಶಃ ತೆಗೆದುಕೊಳ್ಳಬೇಕಾ ಅಂತ ಚರ್ಚೆ ಆಗಲಿ ಅನ್ನುವುದು ಚರ್ಚಿನವರ ಉದ್ದೇಶವಂತೆ. ಚರ್ಚೆ ಆದದ್ದು ಪೋಸ್ಟರಿನ ಬಗ್ಗೆ. 1.5.

ಕೊನೆಯದು ಅಮೆರಿಕದ 'ಹೀ ಗೆಟ್ಸ್ ಅಸ್', ಅಂದರೆ ಅವನಿಗೆ ನಾವು ಅರ್ಥವಾಗುತ್ತೇವೆ, ಯೇಸುವಿನ ಬಗ್ಗೆಯೇ ಮಾಡಿದ ಜಾಹೀರಾತು ಸರಣಿ. 2024ರ ಸೂಪರ್ ಬೌಲ್‌ನಲ್ಲಿ, ಅಂದರೆ ಅಮೆರಿಕನ್ ಫುಟ್‌ಬಾಲಿನ ಫೈನಲ್‌ನಲ್ಲಿ, 30 ಸೆಕೆಂಡಿಗೆ ಸುಮಾರು 70 ಲಕ್ಷ ಡಾಲರ್ ಇದ್ದ ಹೊತ್ತಿನಲ್ಲಿ, ಒಂದು ನಿಮಿಷದ ಜಾಹೀರಾತು. ಒಬ್ಬರಿಗೊಬ್ಬರು ಆಗದವರು ಒಬ್ಬರ ಕಾಲು ಇನ್ನೊಬ್ಬರು ತೊಳೆಯುತ್ತಿರುವ ಚಿತ್ರಗಳು. ಯೇಸು ದ್ವೇಷ ಕಲಿಸಲಿಲ್ಲ, ಕಾಲು ತೊಳೆದ ಅಂತ ಕೊನೆಗೆ ಬರಹ. ಗರ್ಭಪಾತದ ಜಗಳ ಸುತ್ತಿಕೊಂಡಿರುವ ಕುಟುಂಬ ಯೋಜನೆಯ ಕ್ಲಿನಿಕ್ಕಿನ ಹೊರಗೆ ಕಾಲು ತೊಳೆಯುವ ಚಿತ್ರಕ್ಕೆ ಬಲಪಂಥದವರು ಸಿಟ್ಟಾದರು, ದುಡ್ಡು ಹಾಕಿದವರ ರಾಜಕೀಯ ನೋಡಿ ಎಡಪಂಥದವರು ಸಿಟ್ಟಾದರು. ಎಲ್ಲರನ್ನೂ ಕೆಣಕಿದ ಜಾಹೀರಾತು, ಅದೂ ಒಂದೇ ಒಂದು ಕೆಟ್ಟ ಮಾತಿಲ್ಲದೆ! ಇಷ್ಟು ದುಡ್ಡು ಬಡವರಿಗೆ ಕೊಡಬಾರದಿತ್ತಾ ಅಂತ ಜಾಸ್ತಿ ಜನ ಕೇಳಿದರು. ಈ ಪ್ರಶ್ನೆ ಬೈಬಲಿನಲ್ಲೇ ಇದೆ. ಒಬ್ಬ ಹೆಂಗಸು ಮುನ್ನೂರು ಬೆಳ್ಳಿ ನಾಣ್ಯಕ್ಕೂ ಹೆಚ್ಚು ಬೆಲೆಯ ಸುಗಂಧ ತೈಲವನ್ನು ಯೇಸುವಿನ ಮೇಲೆ ಸುರಿದಾಗ ಜೊತೆಯಲ್ಲಿದ್ದವರು ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತು ಅಂತ ಗೊಣಗಿದರು. ಯೇಸು ಆ ಹೆಂಗಸಿನ ಪರ ನಿಂತ. ಆದರೆ ಅವಳು ಅದನ್ನು ಆಟದ ನಡುವೆ ಕೋಟಿಗಟ್ಟಲೆ ಜನಕ್ಕೆ ತೋರಿಸಿ ಸುರಿಯಲಿಲ್ಲವಲ್ಲ. ಅಂಕ 2.5, ಅದರಲ್ಲಿ 2 ಫೋಟೋಗಳಿಗೆ.